ಪ್ರವಾಸ ಪ್ರಶ್ನೋತ್ತರ: ಆರ್ಲ್‌ನಲ್ಲಿ ಐದು ದಿನ

ಮಾರ್ಸೇಯಲ್ಲಿರುವ ಮಗಳ ಮನೆಗೆ ಹೋದಾಗ ಆರ್ಲ್ ಎಂಬ ಊರಿನಲ್ಲಿ ಐದು ದಿನ ಇದ್ದೆ ಅಂತ ಹೋದ ತಿಂಗಳು ಇದೇ ಪುಟದಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಬರೆದಿದ್ದೇ ತಡ. ದುಬೈ, ಸಿಂಗಪುರ ಅಂತ ಕೇಳುತ್ತಿದ್ದವರೆಲ್ಲ ಈ ಸಲ ಆರ್ಲ್ ಹಿಡಿದುಕೊಂಡಿದ್ದಾರೆ. ಹಾಗಾಗಿ ಈ ತಿಂಗಳು ಬೇರೆ ಊರಿಲ್ಲ. ಫ್ರಾನ್ಸಿನ ದಕ್ಷಿಣದಲ್ಲಿ, ರೋನ್ ನದಿ ಸಮುದ್ರ ಸೇರುವ ಮುಂಚೆ ಎರಡಾಗಿ ಒಡೆಯುವ ಜಾಗದ ಪಕ್ಕ ಈ ಊರಿದೆ. ಜನ ಐವತ್ತು ಸಾವಿರದ ಆಸುಪಾಸು. ನಮ್ಮ ಹಾವೇರಿಗಿಂತ ಚಿಕ್ಕದು.

ಪ್ರಶ್ನೆ: ಯುರೋಪ್ ಗ್ರೂಪ್ ಟೂರಿಗೆ ದುಡ್ಡು ಕಟ್ಟಿದ್ದೇವೆ. ಆರ್ಲ್‌ಗೆ ಎರಡು ಗಂಟೆ ಕೊಟ್ಟಿದ್ದಾರೆ. ಸಾಕಾಗುತ್ತಾ? ಏನೇನು ನೋಡಬಹುದು?
— ಹೆಸರು ಬೇಡ, ಮೈಸೂರು

ಸಾಕಾಗಲ್ಲ. ಬಸ್ ಇಳಿದು, ಶೌಚಾಲಯ ಹುಡುಕಿ, ಗುಂಪಿನಲ್ಲಿ ತಪ್ಪಿಸಿಕೊಂಡ ಒಬ್ಬರನ್ನು ಪತ್ತೆಮಾಡುವಷ್ಟರಲ್ಲೇ ಮುಕ್ಕಾಲು ಗಂಟೆ ಹೋಗಿರುತ್ತೆ. ಉಳಿದ ಹೊತ್ತಿನಲ್ಲಿ ಎಲ್ಲಾ ನೋಡ್ತೀನಿ ಅಂತ ಓಡಬೇಡಿ. ರಿಪಬ್ಲಿಕ್ ಚೌಕ ಅಂತ ಒಂದಿದೆ, ಸೀದಾ ಅಲ್ಲಿಗೆ ಹೋಗಿ. ನಡುವೆ ನಿಂತಿರುವ ಕಲ್ಲಿನ ಕಂಬ ರೋಮನ್ನರ ರಥದ ಪಂದ್ಯದ ಮೈದಾನದಲ್ಲಿ ಇದ್ದದ್ದು. 1676ರಲ್ಲಿ ತಂದು ಇಲ್ಲಿ ನಿಲ್ಲಿಸಿದರು. ಪಕ್ಕದಲ್ಲೇ ಸೇಂಟ್ ಟ್ರೋಫಿಮ್ ಚರ್ಚು. ಅದರ ಬಾಗಿಲ ಮುಂದೆ ಹತ್ತು ನಿಮಿಷ ಸುಮ್ನೆ ನಿಂತುಕೊಳ್ಳಿ. 12ನೇ ಶತಮಾನದ ಕೆತ್ತನೆ. ಏಸು ನಡುವೆ ಕೂತು ಕೊನೆಯ ತೀರ್ಪು ಕೊಡುತ್ತಿದ್ದಾನೆ. ನಮ್ಮ ಎಡಕ್ಕೆ ಪುಣ್ಯವಂತರು, ಮೈತುಂಬ ಬಟ್ಟೆ ಉಟ್ಟು ಸಾಲಾಗಿ ನಿಂತಿದ್ದಾರೆ. ಬಲಕ್ಕೆ ಪಾಪಿಗಳು, ಬರೀ ಮೈ, ಎಲ್ಲರನ್ನೂ ಒಂದೇ ಸರಪಳಿಗೆ ಬಿಗಿದು ಬೆಂಕಿಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದಾರೆ. ನಮ್ಮ ಯಜಮಾನ್ರು ಬಲಗಡೆ ಸಾಲನ್ನೇ ಜಾಸ್ತಿ ಹೊತ್ತು ನೋಡಿದರು. ಯಾಕೆ ಅಂತ ನಾನು ಕೇಳಲಿಲ್ಲ.

ಅಲ್ಲಿಂದ ರೋಮನ್ ಅಖಾಡಕ್ಕೆ ಐದಾರು ನಿಮಿಷದ ನಡಿಗೆ. ಇಷ್ಟು ನೋಡಿ ಬಸ್ ಹತ್ತಿ.

ಸ್ವಂತವಾಗಿ ಹೋಗುವವರಿಗೆ ಬೇರೆ ಮಾತು. ಮಾರ್ಸೇಯಿಂದ ಲೋಕಲ್ ರೈಲಿಗೆ ಸುಮಾರು ಒಂದು ಗಂಟೆ, ಅವಿನ್ಯೋನ್‌ನಿಂದ ಇಪ್ಪತ್ತು ನಿಮಿಷ. ಎರಡು ರಾತ್ರಿ ಇರಿ. ರೋಮನ್ ಜಾಗಗಳಿಗೆಲ್ಲ ಸೇರಿಸಿ ಒಂದೇ ಪಾಸ್ ಸಿಗುತ್ತೆ, ಒಂದೊಂದಕ್ಕೂ ಬೇರೆ ಟಿಕೆಟ್ ತಗೊಳ್ಳಬೇಡಿ. ಪುರಾತತ್ವ ಮ್ಯೂಸಿಯಂಗೆ ಮಂಗಳವಾರ ರಜೆ. ನಾವು ಹೋಗಿದ್ದೇ ಮಂಗಳವಾರ. ಮಂಡಿನೋವಿನ ಯಜಮಾನ್ರನ್ನು ಊರ ನಡುವಿನಿಂದ ಇಪ್ಪತ್ತು ನಿಮಿಷ ನಡೆಸಿಕೊಂಡು ಹೋಗಿ ಮುಚ್ಚಿದ ಗಾಜಿನ ಬಾಗಿಲು ತೋರಿಸಿದೆ. ಅವತ್ತು ಸಂಜೆವರೆಗೂ ನಮ್ಮಲ್ಲಿ ಮಾತಿರಲಿಲ್ಲ.

ಪ್ರಶ್ನೆ: ನಾನು ಚಿತ್ರಕಲೆ ವಿದ್ಯಾರ್ಥಿ. ವ್ಯಾನ್ ಗೋ ಇದ್ದ ಮನೆ, ಬರೆದ ಚಿತ್ರಗಳು ಎಲ್ಲಾ ಆರ್ಲ್‌ನಲ್ಲಿ ನೋಡಲು ಸಿಗುತ್ತವೆಯೇ?
— ಒಬ್ಬ ವಿದ್ಯಾರ್ಥಿ, ದಾವಣಗೆರೆ

ತಮ್ಮಾ, ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೇಜಾರಾಗಬೇಡ. ಮನೆ ಇಲ್ಲ. ಊರಿನ ಸ್ವಂತದ್ದು ಅಂತ ಅವನ ಬಣ್ಣದ ಚಿತ್ರ ಒಂದೂ ಇಲ್ಲ.

ಅವನು ಬಂದಿಳಿದದ್ದು 1888ರ ಫೆಬ್ರವರಿ 20ಕ್ಕೆ. ದಕ್ಷಿಣದ ಬಿಸಿಲು ಹುಡುಕಿಕೊಂಡು ಬಂದವನಿಗೆ ಊರ ತುಂಬ ಹಿಮ ಬಿದ್ದಿತ್ತು. ಮುಂದಿನ ವರ್ಷ ಮೇವರೆಗೆ ಇದ್ದ. ಈ ಹದಿನೈದು ತಿಂಗಳಲ್ಲಿ ಬಣ್ಣದ ಚಿತ್ರಗಳೇ ಇನ್ನೂರರಷ್ಟು ಬರೆದ. ಲಾಮಾರ್ತೀನ್ ಚೌಕದಲ್ಲಿ ಅವನು ಬಾಡಿಗೆಗಿದ್ದ ಹಳದಿ ಮನೆ 1944ರ ಬಾಂಬ್ ದಾಳಿಗೆ ಹಾಳಾಯಿತು. ಆ ಮನೆಯನ್ನು ಅವನು ಬರೆದ ಚಿತ್ರದಲ್ಲಿ ಅದರ ಹಿಂದೆ ಕಾಣುವ ಎತ್ತರದ ಕಟ್ಟಡ ಮಾತ್ರ ಇನ್ನೂ ಇದೆ. ರೈಲು ಸೇತುವೆಯೂ ಇದೆ. ಮುಂದೆ ವಾಹನಗಳು ಸುತ್ತು ಹಾಕುವ ಸರ್ಕಲ್ಲು. ನಾನು ಅಲ್ಲಿ ನಿಂತು, ಮೊಬೈಲಿನಲ್ಲಿ ಚಿತ್ರ ತೆಗೆದು, ಒಮ್ಮೆ ಅದನ್ನು ಒಮ್ಮೆ ರಸ್ತೆಯನ್ನು ನೋಡಿದೆ. ಹಳದಿ ಮನೆ ಇರಬೇಕಾದ ಕಡೆ ಬರೀ ಆಕಾಶ ಕಾಣುತ್ತಿತ್ತು.

ಫೋರಂ ಚೌಕದಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಹಳದಿ ಕೆಫೆ ಇದೆಯಲ್ಲ, ಅದರ ಗುಟ್ಟು ಕೇಳು. ವ್ಯಾನ್ ಗೋ ಬರೆದ ಆ ಕೆಫೆಯ ಚಿತ್ರದಲ್ಲಿರುವ ಹಳದಿ ಗೋಡೆಯದಲ್ಲ, ರಾತ್ರಿಯ ಗ್ಯಾಸ್ ದೀಪದ್ದು. ಎಷ್ಟೋ ಕಾಲದ ಮೇಲೆ ಚಿತ್ರ ನೋಡಿಕೊಂಡು ಗೋಡೆಗೆ ಹಳದಿ ಬಳಿದರು. ಹಗಲಲ್ಲಿ ಹೋದರೆ ನಾಟಕದ ಪರದೆ ಹಾಗೆ ಕಾಣುತ್ತೆ. ಅದಕ್ಕಿಂತ ಅವನನ್ನು ಸೇರಿಸಿದ್ದ ಹಳೇ ಆಸ್ಪತ್ರೆಗೆ ಹೋಗು. ಅಲ್ಲಿನ ಅಂಗಳದ ತೋಟವನ್ನು ಅವನ ಚಿತ್ರದಲ್ಲಿರುವ ಹಾಗೇ ಮತ್ತೆ ನೆಟ್ಟಿದ್ದಾರೆ, ಒಳಗೆ ಹೋಗೋಕೆ ದುಡ್ಡಿಲ್ಲ. 1888ರ ಡಿಸೆಂಬರ್ 23ರ ರಾತ್ರಿ ಕಿವಿ ಕೊಯ್ದುಕೊಂಡ ಮೇಲೆ ಅವನು ಬಂದದ್ದು ಇಲ್ಲಿಗೇ. ನೋಡಿಕೊಂಡ ಡಾಕ್ಟರ್ ಫೆಲಿಕ್ಸ್ ರೇ ಅವರಿಗೆ ಅವರದೇ ಚಿತ್ರ ಬರೆದು ಕಾಣಿಕೆ ಕೊಟ್ಟ. ಆ ಮನೆಯವರಿಗೆ ಹಿಡಿಸಲಿಲ್ಲ, ಕೋಳಿ ಗೂಡಿನ ತೂತು ಮುಚ್ಚೋಕೆ ಬಳಸಿದರಂತೆ. ಈಗ ಅದು ಮಾಸ್ಕೋದ ಮ್ಯೂಸಿಯಂನಲ್ಲಿದೆ.

ಅಕ್ಕಪಕ್ಕದ ಮೂವತ್ತು ಜನ ಸೇರಿ 'ಇವನನ್ನು ಊರಲ್ಲಿ ಬಿಡಬೇಡಿ' ಅಂತ ಅರ್ಜಿಗೆ ಸಹಿ ಹಾಕಿದ್ದರು. ಈಗ ಅದೇ ಊರಿನಲ್ಲಿ ಟೀ ಕಪ್ಪಿನ ಮೇಲೂ ಅವನ ಮುಖ! ಆದರೆ ಒಂದು ಒಳ್ಳೇದು ಹೇಳ್ತೀನಿ. ಅವನ ಹೆಸರಿನ ಫೌಂಡೇಶನ್ 2014ರಲ್ಲಿ ಕಟ್ಟಡ ತೆರೆಯಿತು. ಬೇರೆ ಮ್ಯೂಸಿಯಂಗಳಿಂದ ಚಿತ್ರಗಳನ್ನು ಎರವಲು ತಂದು ಇಡುತ್ತಾರೆ. ರೋನ್ ದಡದ ನಕ್ಷತ್ರದ ರಾತ್ರಿಯ ಚಿತ್ರವನ್ನು 2024ರಲ್ಲಿ ಪ್ಯಾರಿಸ್‌ನಿಂದ ತಂದಿದ್ದರು. ಬರೆದ ಊರಿಗೆ ಅದು ಮತ್ತೆ ಬಂದದ್ದು 136 ವರ್ಷದ ನಂತರ. ಬೇಸಿಗೆ ಮುಗಿಯುವ ಹೊತ್ತಿಗೆ ನೆಂಟರ ಹಾಗೆ ವಾಪಸ್ಸು ಹೊರಟಿತು. ಅದನ್ನು ಬರೆದ ದಡ ಮಾತ್ರ ಎಲ್ಲಿಗೂ ಹೋಗಿಲ್ಲ. ಕತ್ತಲಾದ ಮೇಲೆ ಹೋಗು.

ಪ್ರಶ್ನೆ: ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರ ಮಾಡಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಿದ್ದನ್ನು ಕಣ್ಣಾರೆ ಕಂಡವನು ನಾನು. ನೀವು ಹೇಳುವ ರೋಮನ್ ಅಖಾಡದೊಳಗೂ ಜನ ಮನೆ ಮಾಡಿದ್ದರಂತೆ, ನಿಜವೇ?
— ಒಬ್ಬ ಓದುಗರು, ಹೊಸಪೇಟೆ

ನಿಜ. ನಾನು ಐದು ದಿನದಲ್ಲಿ ಮೂರು ಸಲ ಅಲ್ಲಿಗೆ ಹೋಗಿದ್ದು ಈ ಕಥೆಗೇ.

ಅಖಾಡ ಕಟ್ಟಿದ್ದು ಕ್ರಿಸ್ತಶಕ 90ರ ಸುಮಾರಿಗೆ. ಮೊಟ್ಟೆಯಾಕಾರ, ಉದ್ದ 136 ಮೀಟರ್, ಅಗಲ 107. ಎರಡು ಅಂತಸ್ತು, ಒಂದೊಂದರಲ್ಲೂ ಅರವತ್ತು ಕಮಾನು. ಇಪ್ಪತ್ತು ಸಾವಿರ ಜನ ಕೂತು ಮನುಷ್ಯ ಮನುಷ್ಯನನ್ನು, ಮನುಷ್ಯ ಮೃಗವನ್ನು ಕೊಲ್ಲುವ ಆಟ ನೋಡುತ್ತಿದ್ದರು. ರೋಮ್ ಸಾಮ್ರಾಜ್ಯ ಮುಳುಗಿತು. ಕಂಡಕಂಡವರು ದಂಡೆತ್ತಿ ಬರುತ್ತಿದ್ದ ಕಾಲ. ಊರವರಿಗೆ ಹೊಳೆದದ್ದು ಸರಳ ಲೆಕ್ಕ: ಇಷ್ಟು ಗಟ್ಟಿ ಗೋಡೆ ಸುತ್ತ ಇರುವಾಗ ಬೇರೆ ಕೋಟೆ ಯಾಕೆ? ಕಮಾನುಗಳಿಗೆ ಕಲ್ಲು ತುಂಬಿದರು, ಮೇಲೆ ನಾಲ್ಕು ಬುರುಜು ಎಬ್ಬಿಸಿದರು, ಒಳಗೆ ಸಂಸಾರ ಹೂಡಿದರು. ಕೊನೆಗೆ ಇನ್ನೂರಕ್ಕೂ ಹೆಚ್ಚು ಮನೆ, ಎರಡು ಪುಟ್ಟ ಚರ್ಚು. ಹೆಣ ಬೀಳುತ್ತಿದ್ದ ಮೈದಾನದಲ್ಲಿ ಬಟ್ಟೆ ಒಣಗಿದವು, ಮಕ್ಕಳು ಹುಟ್ಟಿದರು.

ಹೀಗೆ ನೂರಾರು ವರ್ಷ ನಡೆಯಿತು. 1825ರಲ್ಲಿ ಮನೆ ತೆರವು ಮಾಡೋಕೆ ಶುರು ಮಾಡಿದರು. ಈಗ ಒಳಗೆ ಹೋದರೆ ಖಾಲಿ ಮೈದಾನ, ಮರಳು, ಕಲ್ಲಿನ ಮೆಟ್ಟಿಲು, ಮೇಲೆ ಉಳಿದ ಮೂರು ಬುರುಜು. ಪ್ರವೇಶದ ಹತ್ತಿರದ ಬುರುಜನ್ನು ಹತ್ತಲು ಬಿಡುತ್ತಾರೆ. ಮೇಲಿಂದ ಹೆಂಚಿನ ಮಾಡು, ಅದರಾಚೆ ರೋನ್ ನದಿ.

ಹತ್ತಿರದಿಂದ ನೋಡಿದರೆ ಕಮಾನಿನ ಒಳಮೈಯಲ್ಲಿ ಅಲ್ಲಲ್ಲಿ ಚೌಕದ ಗುಳಿಗಳು. ನಮ್ಮೂರ ಹಳೇ ಮನೆಯಲ್ಲಿ ತೊಲೆ ಕೂರಿಸಲು ಗೋಡೆ ಕೊರೆದಿರುತ್ತಾರಲ್ಲ, ಹಾಗೇ. ಯಾರದೋ ಅಟ್ಟ ಅಲ್ಲಿ ಇತ್ತೇನೋ ಅಂದುಕೊಂಡೆ. ನಾನು ಗುಳಿಯೊಳಗೆ ಕೈ ಇಟ್ಟೆ. ಕಾವಲಿನ ಹುಡುಗಿ 'ಮಾದಾಂ' ಅಂದಳು, ತೆಗೆದೆ.

ಹಂಪಿಯಲ್ಲಿ ಎಬ್ಬಿಸಿದ್ದು ಸರಿಯೋ ತಪ್ಪೋ ಅಂತ ಕೇಳಿದರೆ ನೇರ ಉತ್ತರ ನನ್ನ ಹತ್ತಿರ ಇಲ್ಲ ಸ್ವಾಮಿ. ಮನೆಗಳನ್ನು ಬಿಟ್ಟಿದ್ದರೆ ಅಖಾಡ ಕಾಣುತ್ತಿರಲಿಲ್ಲ. ಆದರೆ ಆ ಮನೆಗಳು ಇದ್ದದ್ದಕ್ಕೇ ಅಖಾಡ ಉಳಿಯಿತು ಅನ್ನೋದೂ ಸುಳ್ಳಲ್ಲ. ಪಕ್ಕದ ರೋಮನ್ ನಾಟಕಶಾಲೆಯನ್ನೇ ನೋಡಿ. ಅಲ್ಲಿನ ಕಲ್ಲನ್ನು ಚರ್ಚಿಗೆ, ಗೋಡೆಗೆ ಅಂತ ಹೊತ್ತುಕೊಂಡು ಹೋದರು. ವೇದಿಕೆ ಹಿಂದಿನ ಕಂಬಗಳಲ್ಲಿ ಪೂರ್ತಿಯಾಗಿ ನಿಂತಿರುವುದು ಎರಡೇ. ಊರವರು ಅವನ್ನು 'ಇಬ್ಬರು ವಿಧವೆಯರು' ಅನ್ನುತ್ತಾರೆ. ಅಲ್ಲೇ 1651ರಲ್ಲಿ ಸಿಕ್ಕ ಚೆಂದದ ವೀನಸ್ ಮೂರ್ತಿಯನ್ನು ಹದಿನಾಲ್ಕನೇ ಲೂಯಿ ರಾಜನಿಗೆ ಕಾಣಿಕೆ ಕೊಟ್ಟರು. ಅದು ಈಗಲೂ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲೇ ಇದೆ.

ಪ್ರಶ್ನೆ: ಅನ್ನ ಇಲ್ಲದೆ ನನಗೆ ಎರಡು ದಿನ ಕಳೆಯೋಲ್ಲ. ಅಲ್ಲಿ ಅನ್ನ ಸಿಗುತ್ತಾ? ಸಸ್ಯಾಹಾರಿಗಳ ಗತಿ?
— ಗೃಹಿಣಿ, ಗಂಗಾವತಿ

ಗಂಗಾವತಿಯವರು ಅನ್ನದ ಬಗ್ಗೆ ಕೇಳಿದ್ದು ನೋಡಿ ಖುಷಿಯಾಯ್ತು. ನೀವು ನಂಬ್ತೀರೋ ಇಲ್ಲವೋ, ಫ್ರಾನ್ಸಿನಲ್ಲಿ ಬೆಳೆಯುವ ಭತ್ತ ಹೆಚ್ಚುಕಡಿಮೆ ಎಲ್ಲಾ ಇಲ್ಲೇ, ಆರ್ಲ್ ಕೆಳಗಿನ ಕಾಮಾರ್ಗ್ ಬಯಲಿನಲ್ಲಿ. ಸಮುದ್ರದ ಪಕ್ಕದ ನೆಲ, ಉಪ್ಪು ಜಾಸ್ತಿ. ರೋನ್ ನದಿಯ ಸಿಹಿನೀರನ್ನು ಗದ್ದೆಗೆ ಕಟ್ಟಿ ನಿಲ್ಲಿಸಿದರೆ ಉಪ್ಪು ಕೆಳಗಿಳಿಯುತ್ತೆ. ಭತ್ತ ಬೆಳೆಯುವುದು ಅನ್ನಕ್ಕೂ ಆಯ್ತು, ನೆಲಕ್ಕೂ ಆಯ್ತು. ಏಪ್ರಿಲ್-ಮೇನಲ್ಲಿ ಬಿತ್ತನೆ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ಆ ತಿಂಗಳು ಊರಲ್ಲಿ ಅಕ್ಕಿಯ ಹೆಸರಿನಲ್ಲೇ ಜಾತ್ರೆ.

ಇದರ ಹಿಂದೆ ಒಂದು ಕಹಿ ಇದೆ. ಎರಡನೇ ಮಹಾಯುದ್ಧ ಶುರುವಾದಾಗ ಫ್ರಾನ್ಸ್ ತನ್ನ ವಸಾಹತಾಗಿದ್ದ ವಿಯೆಟ್ನಾಂ ಕಡೆಯಿಂದ ಸುಮಾರು ಇಪ್ಪತ್ತು ಸಾವಿರ ಜನರನ್ನು ಮದ್ದುಗುಂಡಿನ ಕಾರ್ಖಾನೆಗಳಿಗೆ ಅಂತ ಹಡಗಿನಲ್ಲಿ ತಂದಿತು. ಬಹಳಷ್ಟು ಜನರನ್ನು ಬಲವಂತದಿಂದ. ಫ್ರಾನ್ಸ್ ಸೋತ ಮೇಲೆ ಅವರಲ್ಲಿ ಕೆಲವರನ್ನು ಕಾಮಾರ್ಗ್ ಗದ್ದೆಗೆ ಇಳಿಸಿದರು. ಅದಕ್ಕೆ ಮುಂಚೆಯೂ ಇಲ್ಲಿ ಒಂದಷ್ಟು ಭತ್ತ ಹಾಕುತ್ತಿದ್ದರು, ಆದರೆ ಊಟಕ್ಕೆ ಅಂತ ಅದು ಗಟ್ಟಿಯಾಗಿ ನೆಲೆ ನಿಂತದ್ದು ಇವರ ಕೈಯಲ್ಲಿ. ಅವರ ನೆನಪಿಗೆ ಸಾಲಾಂ ದ ಜಿರೋ ಎಂಬ ಹಳ್ಳಿಯಲ್ಲಿ ಸ್ಮಾರಕ ಇಟ್ಟದ್ದು 2014ರಲ್ಲಿ. ಎಪ್ಪತ್ತು ವರ್ಷ ಬೇಕಾಯ್ತು.

ನಾನು ಶನಿವಾರದ ಸಂತೆಯಲ್ಲಿ ಕೆಂಪಕ್ಕಿ ಕೊಂಡೆ. ಶನಿವಾರ ಅಲ್ಲಿದ್ದರೆ ಲೀಸ್ ಬೀದಿಯ ಸಂತೆ ತಪ್ಪಿಸಬೇಡಿ, ಆಲಿವ್ ಕಾಯಿಯ ರಾಶಿ ನೋಡೋಕಾದರೂ ಹೋಗಿ. ಬಾಡಿಗೆ ರೂಮಿನ ಪುಟ್ಟ ಒಲೆಯಲ್ಲಿ ಅಕ್ಕಿ ಇಟ್ಟೆ. ಇಪ್ಪತ್ತು ನಿಮಿಷ, ಅರ್ಧ ಗಂಟೆ, ಬೇಯಲೊಲ್ಲದು. ಮುಕ್ಕಾಲು ಗಂಟೆಗೆ ಅಗುಳು ಬಾಯಿಬಿಟ್ಟಿತು. ಮೆತ್ತಗಾಗಲ್ಲ, ಹಲ್ಲಿಗೆ ಕೆಲಸ ಕೊಡುತ್ತೆ, ಕಡಲೆಬೀಜದಂಥ ಒಂದು ವಾಸನೆ. ಮೊಸರು ಹಾಕಿ, ಮಗಳು ಕಟ್ಟಿಕೊಟ್ಟ ಮಾವಿನಕಾಯಿ ಉಪ್ಪಿನಕಾಯಿ ಜೊತೆ ತಿಂದೆವು. ಯಜಮಾನ್ರು ಮಂಗಳವಾರದ ಸಿಟ್ಟು ಬಿಟ್ಟಿದ್ದು ಆ ಊಟದಲ್ಲೇ. ನೀವು ಮಾಡುವುದಾದರೆ ರಾತ್ರಿಯೇ ನೆನೆಸಿಡಿ.

ಹೋಟೆಲಿನಲ್ಲಿ ಹುಷಾರು. 'ಸಾಂ ವಿಯಾಂದ್, ಸಾಂ ಪ್ವಾಸೋಂ' ಅಂತ ಎರಡೂ ಹೇಳಿ: ಮಾಂಸ ಬೇಡ, ಮೀನೂ ಬೇಡ ಅಂತ ಅರ್ಥ. ಬರೀ ಮಾಂಸ ಬೇಡ ಅಂದರೆ ಮೀನು ತಂದಿಡುತ್ತಾರೆ, ಅವರದು ತಪ್ಪಲ್ಲ. ನಾನು ಕಪ್ಪು ಆಲಿವ್ ಚಟ್ನಿ ಅಂತ ಬ್ರೆಡ್ಡಿಗೆ ಸವರಿಕೊಂಡು ಅರ್ಧ ಮುಗಿಸಿದ ಮೇಲೆ, ತಾಪೆನಾದ್ ಅನ್ನುವ ಅದಕ್ಕೆ ಸಣ್ಣ ಮೀನು ಅರೆದು ಹಾಕಿರುತ್ತಾರೆ ಅಂತ ಮಗಳು ಫೋನಿನಲ್ಲಿ ಹೇಳಿದಳು. ಹೋಗಲಿ ಬಿಡಿ. ಇನ್ನೊಂದು, ಮಧ್ಯಾಹ್ನದ ಊಟ ಎರಡು ಗಂಟೆಗೆ ಮುಗೀತು ಅಂದರೆ ಮುಗೀತು. ಎರಡೂವರೆಗೆ ಹೋಗಿ ಎಷ್ಟು ಗೋಗರೆದರೂ ಅಡುಗೆಮನೆ ತೆರೆಯಲ್ಲ.

ಪ್ರಶ್ನೆ: ನಾವು ದೋಣಿ ಕಟ್ಟುವವರ ಮನೆತನ. ನದಿಯಿಂದ ಎತ್ತಿದ ರೋಮನ್ ದೋಣಿ ಅಲ್ಲಿದೆ ಅಂತ ಕೇಳಿದೆ. ಹೇಗಿದೆ?
— ಒಬ್ಬ ಓದುಗರು, ಕಾರವಾರ

ಬುಧವಾರ ನೋಡಿದೆ, ಮಂಗಳವಾರ ಮುಚ್ಚಿದ್ದ ಅದೇ ಪುರಾತತ್ವ ಮ್ಯೂಸಿಯಂನಲ್ಲಿ. ಮೂವತ್ತೊಂದು ಮೀಟರ್ ಉದ್ದ, ತಳ ಚಪ್ಪಟೆ, ಹೊಳೆ ಸಾಗಾಟದ್ದು. 2004ರಲ್ಲಿ ರೋನ್ ಕೆಸರಿನಲ್ಲಿ ಪತ್ತೆಯಾಯಿತು, 2011ರಲ್ಲಿ ಹತ್ತು ತುಂಡು ಮಾಡಿ ಎತ್ತಿದರು. ಎರಡು ಸಾವಿರ ವರ್ಷ ನೀರು ಕುಡಿದ ಮರ ಒಮ್ಮೆಲೇ ಒಣಗಿದರೆ ಪುಡಿಯಾಗುತ್ತೆ ಅಂತ ಮೇಣದಂಥ ರಾಸಾಯನಿಕ ಉಣಿಸಿ, ತಣ್ಣಗೆ ಹೆಪ್ಪುಗಟ್ಟಿಸಿ ಒಣಗಿಸಿದ್ದಾರೆ. ಮುಂಭಾಗದ ಕಂಬ ಹಾಯಿಗಲ್ಲ, ಹಗ್ಗ ಕಟ್ಟಿ ದಡದಿಂದ ಜನ ಎಳೆಯುವುದಕ್ಕೆ. ಹಿಂಭಾಗದಲ್ಲಿ ಒಡೆದ ದೊಡ್ಡ ಗುಡಾಣವನ್ನೇ ಒಲೆ ಮಾಡಿಕೊಂಡಿದ್ದರು.

ನಿಮಗೆ ಇಷ್ಟವಾಗುವ ಸುದ್ದಿ ಈಗ ಹೇಳ್ತೀನಿ. ಮರದ ಒಂದು ಜೋಡಣೆಯ ಸಂದಿಯಲ್ಲಿ ಬೆಳ್ಳಿ ನಾಣ್ಯ ಸಿಕ್ಕಿತು. ದೋಣಿ ಕ್ರಿಸ್ತಶಕ ಮೊದಲ ಶತಮಾನದ್ದು, ನಾಣ್ಯ ಕ್ರಿಸ್ತಪೂರ್ವ 123ರದ್ದು. ಜೇಬಿನಿಂದ ಬಿದ್ದದ್ದಲ್ಲ. ಒಳ್ಳೇದಾಗಲಿ ಅಂತ ಬಡಗಿಯೇ ಹಳೇ ನಾಣ್ಯ ಹುಡುಕಿ ಇಟ್ಟದ್ದು. ನಮ್ಮಲ್ಲಿ ಹೊಸಮನೆಯ ಬಾಗಿಲ ಚೌಕಟ್ಟು ನಿಲ್ಲಿಸುವಾಗ ಹೊಸಲಿನ ಕೆಳಗೆ ನಾಣ್ಯ ಇಡ್ತಾರಲ್ವಾ, ಹಾಗೆ. ನಿಮ್ಮ ಕಡೆ ದೋಣಿ ಕಟ್ಟುವಾಗ ಏನು ಇಡುತ್ತೀರಿ? ಬರೆದು ತಿಳಿಸಿ.

ಪ್ರಶ್ನೆ: ಅಲ್ಲಿ ಗೂಳಿ ಕಾಳಗ ಇನ್ನೂ ನಡೆಯುತ್ತಾ? ಕೊಲ್ಲುತ್ತಾರಾ?
— ಹೋರಿ ಅಭಿಮಾನಿ, ಹಾನಗಲ್

ಎರಡು ಥರ ಇದೆ. ಈಸ್ಟರ್ ಹಬ್ಬಕ್ಕೂ ಸೆಪ್ಟೆಂಬರ್ ಜಾತ್ರೆಗೂ ಸ್ಪೇನ್ ಥರದ್ದು, ಅದರಲ್ಲಿ ಕೊಲ್ಲುತ್ತಾರೆ. ನಾನು ಅದಕ್ಕೆ ಹೋಗಿಲ್ಲ, ಹೋಗೋದೂ ಇಲ್ಲ.

ಇನ್ನೊಂದು ಕಾಮಾರ್ಗ್ ಆಟ. ಅದನ್ನು ನೋಡುವಾಗ ನನಗೆ ನಮ್ಮೂರ ಕೊಬ್ಬರಿ ಹೋರಿಯೇ ಕಣ್ಣಿಗೆ ಕಟ್ಟಿತು. ಹೋರಿಯ ಕೊಂಬಿಗೆ ಕೆಂಪು ರಿಬ್ಬನ್, ಬಿಳಿ ಉಣ್ಣೆಯ ಗೊಂಡೆ, ದಾರದ ಸುತ್ತು. ಬಿಳಿ ಬಟ್ಟೆ ತೊಟ್ಟ ಹುಡುಗರು ಕೈಯಲ್ಲಿ ಪುಟ್ಟ ಕೊಕ್ಕೆ ಹಿಡಿದು ಅವನ್ನು ಕಿತ್ತುಕೊಳ್ಳಬೇಕು. ಒಂದು ಹೋರಿಗೆ ಹದಿನೈದು ನಿಮಿಷ. ಕೊಡದಿದ್ದಷ್ಟೂ ಮೈಕಿನಲ್ಲಿ ಬಹುಮಾನ ಏರುತ್ತಾ ಹೋಗುತ್ತೆ: ಇಂಥ ಅಂಗಡಿಯವರಿಂದ ಇಷ್ಟು, ಇಂಥವರಿಂದ ಇಷ್ಟು ಅಂತ. ಹೋರಿ ಅಟ್ಟಿಸಿಕೊಂಡು ಬಂದಾಗ ಹುಡುಗರು ಬೇಲಿ ಹಾರುವುದನ್ನು ನೋಡಬೇಕು. ಆಟ ಮುಗಿದ ಮೇಲೆ ಹೋರಿ ವಾಪಸ್ ಹುಲ್ಲುಗಾವಲಿಗೆ. ಪೋಸ್ಟರಿನಲ್ಲಿ ಹೋರಿ ಹೆಸರೇ ದಪ್ಪಕ್ಷರದಲ್ಲಿ, ಹುಡುಗರದ್ದು ಕೆಳಗೆ ಸಣ್ಣಗೆ. ಹೆಸರಾಂತ ಹೋರಿಗಳಿಗೆ ಆ ಸೀಮೆಯಲ್ಲಿ ಸಮಾಧಿ, ಪ್ರತಿಮೆ ಎಲ್ಲಾ ಇವೆ. ಆರ್ಲ್‌ನಲ್ಲಿ ದೊಡ್ಡ ಪಂದ್ಯ ಜುಲೈ ಮೊದಲ ಸೋಮವಾರ. ಟಿಕೆಟ್ ತಗೊಳ್ಳುವಾಗ ನೆರಳಿನ ಕಡೆ ಕೇಳಿ ತಗೊಳ್ಳಿ. ಬಿಸಿಲ ಕಡೆಯ ಕಲ್ಲು ಕಾದ ಹೆಂಚು.

ಪ್ರಶ್ನೆ: ಲೋಕದಲ್ಲೇ ಹೆಚ್ಚು ವರ್ಷ ಬದುಕಿದ ಅಜ್ಜಿ ಆ ಊರಿನವರಂತೆ?
— ನಿವೃತ್ತ ಶಿಕ್ಷಕರು, ತುಮಕೂರು

ಹೌದು, ಜಾನ್ ಕಾಲ್ಮಾಂ. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು, 122 ವರ್ಷ 164 ದಿನ. ವ್ಯಾನ್ ಗೋನನ್ನು ಹುಡುಗಿಯಾಗಿದ್ದಾಗ ನೋಡಿದ್ದೆ, ಕೊಳಕ, ಸಿಡುಕ ಅಂತ ಹೇಳುತ್ತಿದ್ದರು. ನನಗೆ ಅದಕ್ಕಿಂತ ಅವರ ಮನೆ ವ್ಯವಹಾರ ಇಷ್ಟ. ತೊಂಬತ್ತರ ವಯಸ್ಸಿನಲ್ಲಿ, 1965ರಲ್ಲಿ, ಒಬ್ಬ ನೋಟರಿ ಜೊತೆ ಒಪ್ಪಂದ ಮಾಡಿಕೊಂಡರು: ನಾನು ಇರುವವರೆಗೆ ತಿಂಗಳಿಗೆ 2,500 ಫ್ರಾಂಕ್ ಕೊಡು, ಹೋದ ಮೇಲೆ ಮನೆ ನಿನ್ನದು. ನೋಟರಿಗೆ ಆಗ ನಲವತ್ತೇಳು. ಮೂವತ್ತು ವರ್ಷ ಕಟ್ಟಿ ಅವರೇ ಮೊದಲು ಹೋದರು. ಆಮೇಲೆ ಅವರ ಹೆಂಡತಿ ಕಟ್ಟಿದರು. ನಾನು ಬ್ಯಾಂಕಿನ ಸಾಲದ ಕೌಂಟರಿನಲ್ಲಿ ಮೂವತ್ತೆರಡು ವರ್ಷ ಕೂತವಳು. ಇಂಥ ಖಾತೆ ಒಂದೂ ನೋಡಿಲ್ಲ.

ಪ್ರಶ್ನೆ: ನಾನು ಸೀರೆ ಬಿಟ್ಟು ಬೇರೆ ಉಡುವವಳಲ್ಲ. ಅಲ್ಲಿ ತೊಂದರೆಯೇ?
— ಹೆಸರು ಬೇಡ, ಧಾರವಾಡ

ಜನರಿಂದ ಏನೂ ತೊಂದರೆ ಇಲ್ಲ ಅಕ್ಕಾ. ಸಂತೆಯಲ್ಲಿ ಒಬ್ಬ ಮುದುಕಿ ನನ್ನ ಇಳಕಲ್ ಸೀರೆಯ ಸೆರಗು ಹಿಡಿದು, ತಿರುವಿ, ನೇಯ್ಗೆ ನೋಡಿ 'ಬೋ, ಬೋ' ಅಂದರು. ಚೆಂದ ಅಂತ.

ತೊಂದರೆ ಇರೋದು ಗಾಳಿಯಿಂದ. ಮಿಸ್ಟ್ರಲ್ ಅಂತ ಅದರ ಹೆಸರು. ಉತ್ತರದಿಂದ ರೋನ್ ಕಣಿವೆ ಹಿಡಿದು ಇಳಿಯುತ್ತೆ, ಒಣ, ತಣ್ಣಗೆ, ಜೋರಾದಾಗ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತೆ. ಅಲ್ಲಿನ ಹಳೇ ತೋಟದ ಮನೆಗಳಿಗೆ ಉತ್ತರದ ಗೋಡೆಯಲ್ಲಿ ಕಿಟಕಿಯೇ ಇಡುತ್ತಿರಲಿಲ್ಲ. ಹೊಲದ ಅಂಚಿಗೆ ಸಾಲಾಗಿ ಸೈಪ್ರೆಸ್ ಮರ ನೆಡುವುದೂ ಇದನ್ನು ತಡೆಯೋಕೇ. ವ್ಯಾನ್ ಗೋ ತನ್ನ ಚಿತ್ರದ ಸ್ಟ್ಯಾಂಡಿನ ಕಾಲುಗಳಿಗೆ ಕಬ್ಬಿಣದ ಗೂಟ ಹೊಡೆದು ನೆಲಕ್ಕೆ ಕಟ್ಟಿ ಬರೆಯುತ್ತಿದ್ದ. ನಾನು ನದಿ ದಂಡೆಯಲ್ಲಿ ನಿಂತಾಗ ಸೆರಗು ಗಾಳಿಪಟವಾಗಿ, ಹಿಂದೆ ಬರುತ್ತಿದ್ದ ಯಜಮಾನ್ರ ಮುಖಕ್ಕೆ ಸುತ್ತಿಕೊಂಡಿತು. ಹತ್ತಿಯ ದಪ್ಪ ಸೀರೆ ಒಯ್ಯಿರಿ, ಜಾರ್ಜೆಟ್ ಬೇಡ. ಸೆರಗಿಗೆ ಒಂದಲ್ಲ, ಮೂರು ಪಿನ್ನು.